ಆಕಾಶದಲ್ಲಿ ಕಂಡ ಬೆಳಕಿನ ವಿಚಾರಣೆ: ನನ್ನ ಅನುಭವ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಯಾರಾದರೂ ಆಕಾಶದಲ್ಲಿ ಗುರುತು ಸಿಗದ ಬೆಳಕು ಕಂಡೆವೆಂದರೆ ಅವರ ಹೇಳಿಕೆಯನ್ನು ಬರೆದುಕೊಂಡು ಪರಿಶೀಲಿಸುವ ಕೆಲಸವನ್ನು, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಲೇ, ಬಹಳ ಕಾಲದಿಂದ ನಡೆಸಿಕೊಂಡು ಬಂದಿದ್ದೇನೆ. ನನ್ನ ವಿಚಾರಣೆಯ ಕ್ರಮಕ್ಕೆ ಆಧಾರ ಅಮೆರಿಕದ ವಾಯುಪಡೆಯ ‘ಪ್ರಾಜೆಕ್ಟ್ ಬ್ಲೂ ಬುಕ್’. ಆಕಾಶದಲ್ಲಿ ಕಂಡ ಗುರುತು ಸಿಗದ ವಸ್ತುಗಳ ಬಗ್ಗೆ 1952ರಿಂದ 1969ರವರೆಗೆ ನಡೆದ ಆ ತನಿಖೆಯಲ್ಲಿ ಸಾಮಾನ್ಯ ನಾಗರಿಕರಿಗೂ ಪ್ರಶ್ನಾವಳಿ ಕೊಟ್ಟು, ಬೆಳಕು ಕಂಡ ದಿಕ್ಕು, ಎತ್ತರದ ಕೋನ, ಎಷ್ಟು ಹೊತ್ತು ಕಂಡಿತು, ಆಗ ಮೋಡವಿತ್ತೇ ಎಂಬುದನ್ನೆಲ್ಲ ಕೇಳಿ, ಚಿತ್ರವನ್ನೂ ಬರೆಸಿಕೊಳ್ಳುತ್ತಿದ್ದರು. ಕಂಡದ್ದು ಏನಿರಬಹುದೆಂಬ ಊಹೆಗಿಂತ ಈ ವಿವರಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಶ್ರೀನಿವಾಸಪುರ ತಾಲ್ಲೂಕಿನ ಟೊಮೆಟೊ ಬೆಳೆಗಾರರೊಬ್ಬರು ಒಂದು ನವೆಂಬರಿನಲ್ಲಿ, “ಗುಡ್ಡದ ಮೇಲೆ ಕೆಂಪು, ಹಸಿರು ಮಿಣುಕ್ತಾ ನಿಂತಿತ್ತು ಮೇಷ್ಟ್ರೇ, ನಾನು ನಡೆದ್ರೆ ಅದೂ ಜೊತೇಲೇ ಬರ್ತಿತ್ತು” ಎಂದು ತಿಳಿಸಿದರು. ಅವರು ಗಡಿಯಾರ ನೋಡಿರಲಿಲ್ಲ. ಆದರೆ ತ್ರೀ ಫೇಸ್ ಕರೆಂಟ್ ಬಂದೊಡನೆ ಮೋಟರ್ ಹಾಕಲು ಹೊರಟಾಗ ಕಂಡದ್ದೆಂಬುದು ಖಚಿತವಾಗಿದ್ದರಿಂದ, ಆ ವಾರದ ಸರದಿಯಂತೆ ಸಮಯ ರಾತ್ರಿ ಹತ್ತರ ಆಸುಪಾಸು ಎಂದು ಗೊತ್ತಾಯಿತು. ವಾರ ಕಳೆದು ಅದೇ ಹೊತ್ತಿಗೆ ಅದೇ ಬದುವಿನ ಮೇಲೆ ಅವರನ್ನು ನಿಲ್ಲಿಸಿ, ನಾನು ಯಾವ ಹೆಸರನ್ನೂ ಎತ್ತದೆ, ಕೈ ಚಾಚಿ ತೋರಿಸುವಂತೆ ಕೇಳಿಕೊಂಡೆ. ಮೊದಲ ರಾತ್ರಿ ಗುಡ್ಡದ ಅಂಚಿಗೇ ತಾಗಿದ್ದ ಬೆಳಕು ಈಗ ಒಂದು ಮುಷ್ಟಿಗಿಂತ ತುಸು ಕಡಿಮೆಯಷ್ಟು ಮೇಲಿತ್ತು. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ ಅಗಲ ಕಾಣುತ್ತದೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುವುದರಿಂದ ವಾರಕ್ಕೆ 28 ನಿಮಿಷವಾಗುತ್ತದೆ, ಆಕಾಶ ಗಂಟೆಗೆ 15 ಡಿಗ್ರಿ ತಿರುಗಿದಂತೆ ಕಾಣುವ ಲೆಕ್ಕದಲ್ಲಿ ಅದು 7 ಡಿಗ್ರಿ. ಬೆಳಕು ಮೇಲೇರಿದ್ದೂ ಅಷ್ಟೇ ಆದ್ದರಿಂದ ಅದು ನಕ್ಷತ್ರವಿರಬೇಕು. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳ ಗೆರೆಯನ್ನು ಕೆಳಕ್ಕೆ ಎಳೆದರೆ ನೇರವಾಗಿ ಅದೇ ಬೆಳಕಿಗೆ ಮುಟ್ಟುತ್ತಿತ್ತು. ಅದು ಲುಬ್ಧಕ (ಸಿರಿಯಸ್) ನಕ್ಷತ್ರ. ದಿಗಂತದ ಬಳಿ ದಟ್ಟವಾದ ಗಾಳಿಯ ಪದರಗಳನ್ನು ಹಾದುಬರುವಾಗ ಅದರ ಬೆಳಕು ಹೀಗೆ ಬಣ್ಣ ಬದಲಿಸುತ್ತದೆ, ಅತಿ ದೂರದಲ್ಲಿರುವುದರಿಂದ ನಡೆಯುವವರ ಜೊತೆಗೇ ಬರುವಂತೆ ತೋರುತ್ತದೆ.

ಇಂಥ ಗೊಂದಲ ಹಳ್ಳಿಯವರಿಗಷ್ಟೇ ಆಗುವುದೆಂದು ಯಾರೂ ಭಾವಿಸಬಾರದು. 2012ರಲ್ಲಿ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಕಂಡ ಬೆಳಕುಗಳನ್ನು ಚೀನಾದ ಡ್ರೋನ್‌ಗಳಿರಬಹುದೆಂದು ಶಂಕಿಸಲಾಗಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು. ಕಾವಲಿಗೆ ನಿಂತವರು ಕಂಡದ್ದನ್ನು ತಪ್ಪದೆ ದಾಖಲಿಸಿದ್ದರಿಂದಲೇ ಆ ಪರಿಶೀಲನೆ ಸಾಧ್ಯವಾಯಿತೆಂಬುದು ನನ್ನ ಅಭಿಪ್ರಾಯ.

ಆದರೆ ಬ್ಲೂ ಬುಕ್‌ನಂಥ ಸೇನಾ ತನಿಖೆಯ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ದೇಶಕ್ಕೆ ಅಪಾಯವಿದೆಯೇ ಎಂಬುದೇ ಸೇನೆಗೆ ಮುಖ್ಯ ಪ್ರಶ್ನೆಯಾಗಿರುತ್ತದೆ, ಕಂಡವರ ಮನಸ್ಸಿನ ಕಳವಳ ಅದರ ಹೊಣೆಯಲ್ಲ. ಬ್ಲೂ ಬುಕ್‌ಗೆ ಖಗೋಳ ಸಲಹೆಗಾರರಾಗಿದ್ದ ಅಲೆನ್ ಹೈನೆಕ್ ಅವರೇ ಮುಂದೆ ಅದರ ವೈಜ್ಞಾನಿಕ ಶಿಸ್ತು ಸಾಲದೆಂದು ಟೀಕಿಸಿದರು. ಅದರ 12,618 ವರದಿಗಳ ಪೈಕಿ 701 ‘ಗುರುತಾಗದ್ದು’ ಎಂದೇ ಉಳಿದವು. ‘ಮಾಹಿತಿ ಸಾಲದು’ ಎಂಬ ವರ್ಗ ಬೇರೆಯೇ ಇತ್ತು, ನಾನೂ ಈ ಎರಡನ್ನು ಬೆರೆಸುವುದಿಲ್ಲ. ಮಾಲೂರಿನ ಕಡೆಯಿಂದ ಬಂದ ಒಂದು ವರದಿಯಲ್ಲಿ ದಿಕ್ಕೂ ಇಲ್ಲ, ಹೊತ್ತೂ ಇಲ್ಲ. ಅದು ಎರಡನೆಯ ವರ್ಗದಲ್ಲಿದೆ. ಮತ್ತೆ ಕಂಡರೆ ಮೊದಲು ಗಂಟೆ ನೋಡಿ, ನಿಂತ ಜಾಗಕ್ಕೊಂದು ಕಲ್ಲಿಟ್ಟು, ಬೆಳಕಿನ ನೇರಕ್ಕಿರುವ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳುವಂತೆ ಆ ಮನೆಯವರಿಗೆ ಹೇಳಿದ್ದೇನೆ.