ನಡುಹಗಲ ನೆರಳಿನಿಂದ ಭೂಮಿಯ ವಾಲಿಕೆ ಅಳೆಯುವುದು: ಚಿಕ್ಕಬಳ್ಳಾಪುರದ ಅಳತೆಗಳು

ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಋತುಗಳಾಗುತ್ತವೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಆ 23.4 ಅನ್ನು ಶಾಲೆಯ ಅಂಗಳದಲ್ಲೇ ಅಳೆದು ತೆಗೆಯಬಹುದು. ಡಿಸೆಂಬರಿನಲ್ಲಿ ಒಂದು ಅಳತೆ, ಜೂನಿನಲ್ಲಿ ಇನ್ನೊಂದು, ಅಷ್ಟೇ ಸಾಕು.

ನಾವು ಬಳಸುವುದು 12 ಮಿ.ಮೀ. ದಪ್ಪದ ಕಬ್ಬಿಣದ ಕಂಬಿ. ಅದರ ತುದಿಯಿಂದ ಪೂರ್ವಕ್ಕೆ 15 ಸೆಂ.ಮೀ. ಚಾಚಿದ ತೋಳು, ತೋಳಿನ ಕೊನೆಗೆ ಮಟ್ಟಸವಾಗಿ ಬೆಸೆದ 10 ಸೆಂ.ಮೀ. ಚೌಕದ ತಗಡು, ತಗಡಿನ ನಡುವೆ 5 ಮಿ.ಮೀ. ತೂತು. ತೂತು ನೆಲದಿಂದ ಸರಿಯಾಗಿ 100 ಸೆಂ.ಮೀ. ಎತ್ತರದಲ್ಲಿರಬೇಕು. ಬರೀ ಕೋಲು ನೆಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಕಾಣುವುದರಿಂದ ಕೋಲಿನ ತುದಿಯ ನೆರಳು ಸುಮಾರು ಒಂದು ಸೆಂ.ಮೀ. ಮಸುಕಾಗಿ ಹರಡುತ್ತದೆ. ಇಬ್ಬರು ಗುರುತು ಹಾಕಿದರೆ ಎರಡು ಕಡೆ ಬೀಳುತ್ತದೆ. ತೂತಿನಿಂದ ಬಿದ್ದ ದುಂಡು ಬೆಳಕಿನ ನಡುವನ್ನು ಹಿಡಿಯುವುದು ಸುಲಭ. ತೋಳನ್ನು ಉತ್ತರಕ್ಕೆ ಇಡಬೇಡಿ. ಜೂನಿನಲ್ಲಿ ಕಂಬಿಯೇ ಬೆಳಕಿಗೆ ಅಡ್ಡ ನಿಲ್ಲುತ್ತದೆ.

ಹೆಚ್ಚಿನ ತಪ್ಪುಗಳು ನೆಲದಿಂದ ಬರುತ್ತವೆ. ತಾರಸಿ ಬೇಡ, ಮಳೆನೀರು ಹರಿಯಲು ಅಲ್ಲಿ ಇಳಿಜಾರು ಕೊಟ್ಟಿರುತ್ತಾರೆ. ಮೀಟರಿಗೆ ಒಂದೇ ಸೆಂ.ಮೀ. ಇಳಿಜಾರಿದ್ದರೂ ಡಿಸೆಂಬರಿನ ಅಳತೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಕೆಡುತ್ತದೆ. ನಾಲ್ಕಡಿ ಅಗಲ, ಐದಡಿ ಉದ್ದದ ಜಾಗಕ್ಕೆ ಚಪ್ಪಡಿ ಹಾಸಿ, ಎರಡೂ ದಿಕ್ಕಿಗೆ ರಸಮಟ್ಟ ಇಟ್ಟು ನೋಡಿ. ತೂತಿನಿಂದ ತೂಗುಗುಂಡು ಇಳಿಬಿಟ್ಟಾಗ ಅದು ಮುಟ್ಟುವ ಜಾಗವೇ ಮೂಲಬಿಂದು. ಎಲ್ಲ ಅಳತೆಯೂ ಅಲ್ಲಿಂದ. ಕಂಬಿಯ ಬುಡದಿಂದ ಟೇಪು ಹಿಡಿದರೆ ಲೆಕ್ಕ ಕೆಟ್ಟಂತೆ.

ದಿಕ್ಸೂಚಿ ಒರಟು ದಿಕ್ಕಿಗಷ್ಟೇ ಸಾಕು, ಕಂಬಿಯ ಹತ್ತಿರ ಅದರ ಮುಳ್ಳು ತಿರುಗಿಬಿಡುತ್ತದೆ. ನಿಖರವಾದ ಉತ್ತರ ಬೇಕಾದರೆ ಡಿಸೆಂಬರ್ 21ರ ಆಸುಪಾಸು ಮೂಲಬಿಂದುವಿನ ಸುತ್ತ 100 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬೆಳಕಿನ ಚುಕ್ಕೆ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ವೃತ್ತದೊಳಗೆ ಬರುತ್ತದೆ, ಮಧ್ಯಾಹ್ನ ಎರಡರ ಸುಮಾರಿಗೆ ಹೊರಗೆ ಹೋಗುತ್ತದೆ. ಆ ಎರಡು ಗುರುತುಗಳ ನಡುಬಿಂದುವಿನಿಂದ ಮೂಲಬಿಂದುವಿಗೆ ಎಳೆದ ಗೆರೆ ಉತ್ತರ–ದಕ್ಷಿಣ. ನಮ್ಮ ಹಳೆಯ ಜ್ಯೋತಿಷ ಗ್ರಂಥಗಳ ಶಂಕುವಿನ (ನೆರಳು ಅಳೆಯಲು ನೆಟ್ಟ ಕೋಲಿನ) ವಿಧಾನವೂ ಇದೇ. ಚುಕ್ಕೆ ಆ ಗೆರೆ ದಾಟುವ ಕ್ಷಣವೇ ನಡುಹಗಲು.

ಗಡಿಯಾರದ ಹನ್ನೆರಡನ್ನು ನಂಬಬೇಡಿ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಚಿಕ್ಕಬಳ್ಳಾಪುರ ಇರುವುದು 77.7ರಲ್ಲಿ. ಹಾಗಾಗಿ ನಮ್ಮ ನಡುಹಗಲು ಸರಾಸರಿ 19 ನಿಮಿಷ ತಡ. ಅದೂ ವರ್ಷವಿಡೀ ಒಂದೇ ಸಮನಿಲ್ಲ: ನವೆಂಬರ್ ಮೊದಲ ವಾರದಲ್ಲಿ 12:03ಕ್ಕೇ ಆಗಿಬಿಡುತ್ತದೆ, ಫೆಬ್ರವರಿ ನಡುವಿಗೆ 12:33ರವರೆಗೆ ಕಾಯಬೇಕು.

ಇಲ್ಲಿ ಬರುವ ಅಳತೆಗಳು ಹೀಗೆ: ಡಿಸೆಂಬರ್ 21ಕ್ಕೆ ಚುಕ್ಕೆ ಉತ್ತರಕ್ಕೆ 75 ಸೆಂ.ಮೀ., ಮಾರ್ಚ್ ಮತ್ತು ಸೆಪ್ಟೆಂಬರಿನ ಸಮ ಹಗಲಿರುಳಿಗೆ ಸುಮಾರು 24, ಜೂನ್ 21ಕ್ಕೆ ದಕ್ಷಿಣಕ್ಕೆ 17.6. ಡಿಸೆಂಬರಿನದು 3–4–5ರ ತ್ರಿಭುಜವೇ ಆಗುವುದು ನಮ್ಮ ಅಕ್ಷಾಂಶದ ಸೊಗಸು. 75/100 ಟ್ಯಾಂಜೆಂಟ್ ಇರುವ ಕೋನ 36.87 ಡಿಗ್ರಿ, ಅದು ಅಕ್ಷಾಂಶ ಮತ್ತು ವಾಲಿಕೆಯ ಮೊತ್ತ; 17.6/100ರದು 9.98, ಅದು ವಾಲಿಕೆಯಲ್ಲಿ ಅಕ್ಷಾಂಶ ಕಳೆದದ್ದು. ಎರಡನ್ನೂ ಕೂಡಿ ಅರ್ಧ ಮಾಡಿದರೆ 23.4, ಅದು ಭೂಮಿಯ ವಾಲಿಕೆ. ಕಳೆದು ಅರ್ಧ ಮಾಡಿದರೆ 13.4, ಅದು ಚಿಕ್ಕಬಳ್ಳಾಪುರದ ಅಕ್ಷಾಂಶ. 2 ಮಿ.ಮೀ. ತಪ್ಪಿದರೂ ಕೋನ ಕೆಡುವುದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಮಾತ್ರ.

ಜೂನಿನಲ್ಲಿ ಮೋಡದ ಕಾಟ. 21ಕ್ಕೇ ಜೋತುಬೀಳಬೇಕಿಲ್ಲ, 14ರಿಂದ 28ರವರೆಗೆ ಯಾವ ದಿನ ಬಿಸಿಲು ಸಿಕ್ಕರೂ ವ್ಯತ್ಯಾಸ 3 ಮಿ.ಮೀ. ಮೀರುವುದಿಲ್ಲ.

ಭೂಮಿ ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಎಂದು ಮಕ್ಕಳು ಹೇಳಿಯೇ ಹೇಳುತ್ತಾರೆ. ನಿಜದಲ್ಲಿ ಅತಿ ಹತ್ತಿರವಿರುವುದು ಜನವರಿ ಮೊದಲ ವಾರ, 14.7 ಕೋಟಿ ಕಿ.ಮೀ.; ಅತಿ ದೂರ ಜುಲೈ ಮೊದಲ ವಾರ, 15.2 ಕೋಟಿ. ನಮ್ಮ ಚಳಿಗೆ ಕಾರಣ ಓರೆ ಬಿಸಿಲು ಮತ್ತು ಗಿಡ್ಡ ಹಗಲು. ಡಿಸೆಂಬರಿನ ನಡುಹಗಲಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಬಿಸಿಲು ಸೂರ್ಯ ನೆತ್ತಿಯ ಮೇಲಿದ್ದಾಗಿನ ಶೇ. 80ರಷ್ಟು. ಹಗಲು ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ, ಜೂನಿನಲ್ಲಿ 12 ಗಂಟೆ 55 ನಿಮಿಷ. ಈ ಒಂದೂವರೆ ಗಂಟೆಯ ಬೆಲೆ ಇಲ್ಲಿನ ಸೇವಂತಿಗೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಗಿಡ ಬೇಗ ಮೊಗ್ಗಿಗೆ ತಿರುಗದಿರಲೆಂದು ರಾತ್ರಿ ತೋಟದಲ್ಲಿ ಬಲ್ಬು ಉರಿಸುತ್ತಾರೆ.

ಥರ್ಮಾಮೀಟರ್ ಇಟ್ಟುಕೊಂಡು ಇದನ್ನು ಕಲಿಸಲು ಹೊರಟರೆ ಗೊಂದಲ. ಸೂರ್ಯ ನಮ್ಮ ನೆತ್ತಿಗೆ ಎರಡು ಸಲ ಬರುತ್ತಾನೆ, ಏಪ್ರಿಲ್ 25 ಮತ್ತು ಆಗಸ್ಟ್ 17ರ ಆಸುಪಾಸು. ಮೊದಲ ಸಲ ನೆಲ ಒಣಗಿ ಆಕಾಶ ತೆರೆದಿರುವುದರಿಂದ ಸೆಕೆ ಏರುತ್ತದೆ. ಎರಡನೆಯ ಸಲ ಮುಂಗಾರಿನ ಮೋಡ ಅಡ್ಡ ಬರುತ್ತದೆ. ಎರಡೂ ದಿನ ಚುಕ್ಕೆ ಬೀಳುವುದು ಮೂಲಬಿಂದುವಿನ ಮೇಲೆಯೇ.

ಸಂಕ್ರಾಂತಿಯ ದಿನವೂ ಅಳೆಯಿರಿ. ಉತ್ತರಾಯಣ ಅಂದೇ ಶುರುವಾಗುತ್ತದೆ ಎನ್ನುವುದು ರೂಢಿ, ಆದರೆ ಅಷ್ಟರಲ್ಲಿ ಚುಕ್ಕೆ 75ರಿಂದ 69ಕ್ಕೆ ಬಂದಿರುತ್ತದೆ. ನಮ್ಮ ಪಂಚಾಂಗ ಸಂಕ್ರಾಂತಿಯನ್ನು ನಕ್ಷತ್ರಗಳಿಂದ ಎಣಿಸುತ್ತದೆ. ಭೂಮಿಯ ಅಕ್ಷದ ದಿಕ್ಕೇ ಬುಗುರಿಯ ಓಲಾಟದಂತೆ ಸುಮಾರು 26,000 ವರ್ಷಕ್ಕೊಂದು ಸುತ್ತು ತಿರುಗುವುದರಿಂದ, ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವ ಡಿಸೆಂಬರ್ 21ಕ್ಕೂ ಸಂಕ್ರಾಂತಿಗೂ ನಡುವೆ ಈಗ ಮೂರು ವಾರಕ್ಕೂ ಹೆಚ್ಚು ಅಂತರ ಬೆಳೆದಿದೆ.