ಜಾರ್ಜ್‌ಟೌನ್‌ನಲ್ಲಿ ಹೋಟೆಲ್ ಹಿಡಿಯುವ ಮುನ್ನ: ಬೀದಿ, ಮಹಡಿ, ಕಿಟಕಿ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್‌ಟೌನ್‌ನ ಯಾವುದೇ ಹಳೇ ಹೋಟೆಲಿನ ವಿಮರ್ಶೆ ತೆರೆದು ನೋಡಿ. ಒಬ್ಬರು ‘ಇಷ್ಟು ನೆಮ್ಮದಿಯ ಜಾಗ ಇನ್ನೊಂದಿಲ್ಲ’ ಎಂದಿರುತ್ತಾರೆ. ಅದರ ಕೆಳಗೇ ಇನ್ನೊಬ್ಬರು ‘ರಾತ್ರಿಯಿಡೀ ಕಣ್ಣು ಮುಚ್ಚಲಾಗಲಿಲ್ಲ’ ಎಂದು ಗೋಳಾಡಿರುತ್ತಾರೆ. ಇಬ್ಬರದೂ ನಿಜವೇ. ಮೊದಲನೆಯವರಿಗೆ ಒಳಗಿನ ಕೋಣೆ ಸಿಕ್ಕಿತ್ತು, ಎರಡನೆಯವರಿಗೆ ಬೀದಿಗೆ ತೆರೆದ ಕೋಣೆ. ಈ ಊರಲ್ಲಿ ಹೋಟೆಲಿನ ಹೆಸರು, ನಕ್ಷತ್ರಗಳ ಲೆಕ್ಕ ಆಮೇಲೆ. ಮೊದಲು ನೋಡಬೇಕಾದದ್ದು ಯಾವ ಬೀದಿ, ಯಾವ ಮಹಡಿ, ಕಿಟಕಿ ಎತ್ತ ಮುಖ ಎಂಬುದನ್ನು.

ಇದಕ್ಕೆ ಕಾರಣ ಕಟ್ಟಡಗಳೇ. 1786ರಲ್ಲಿ ಬ್ರಿಟಿಷರು ಸ್ಥಾಪಿಸಿದ ಈ ಬಂದರು ಊರಿನ ಹಳೇ ಭಾಗದ ತುಂಬ ಅಂಗಡಿಮನೆಗಳು. ಕೆಳಗೆ ಅಂಗಡಿ, ಮೇಲೆ ಮನೆ. ಮುಂಭಾಗ ಐದಾರು ಮೀಟರ್ ಅಗಲವಾದರೆ ಒಳಕ್ಕೆ ಮೂವತ್ತು ಮೀಟರೋ ಅದಕ್ಕಿಂತ ಹೆಚ್ಚೋ ಉದ್ದ. ಅಕ್ಕಪಕ್ಕದ ಮನೆಗಳಿಗೆ ನಡುವಿನ ಗೋಡೆ ಒಂದೇ, ಹಾಗಾಗಿ ಪಕ್ಕಕ್ಕೆ ಕಿಟಕಿ ಇಡುವಂತಿಲ್ಲ. ಗಾಳಿ ಬೆಳಕು ಬರುವುದು ಮುಂದಿನಿಂದ, ಹಿಂದಿನಿಂದ ಮತ್ತು ಮಧ್ಯದಲ್ಲಿ ಆಕಾಶಕ್ಕೆ ತೆರೆದ ತೊಟ್ಟಿಯಿಂದ. ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಜನವರಿ 1ಕ್ಕೆ ಕೊನೆಗೊಂಡಾಗ ಬಾಡಿಗೆ ಏರಿತು, ಹಳೇ ಕುಟುಂಬಗಳು ಮನೆ ಬಿಟ್ಟವು. 2008ರ ಜುಲೈ 7ರಂದು ಈ ಊರು ಮೆಲಾಕ ನಗರದ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಖಾಲಿ ಮನೆಗಳು ಒಂದೊಂದಾಗಿ ಹೋಟೆಲುಗಳಾದವು. ಪರಂಪರೆ ವಲಯದಲ್ಲಿ ಹೊಸ ಕಟ್ಟಡಕ್ಕೂ 18 ಮೀಟರ್ ಎತ್ತರದ ಮಿತಿ ಇದೆ, ಹಳೆಯದನ್ನಂತೂ ಮನಬಂದಂತೆ ಒಡೆಯುವ ಹಾಗಿಲ್ಲ. ಇದರ ಫಲವನ್ನು ಅತಿಥಿ ಉಣ್ಣಬೇಕು: ಬಹುಪಾಲು ಕಡೆ ಲಿಫ್ಟ್ ಇಲ್ಲ, ಮರದ ಮೆಟ್ಟಿಲು ಕಡಿದು, ಮೇಲಿನವರು ನಡೆದರೆ ಹಲಗೆ ಕೆಳಗಿನವರಿಗೆ ಕೇಳುತ್ತದೆ.

ಕೋಣೆ ಆರಿಸುವುದು

ಇಂಥ ಮನೆಯಲ್ಲಿ ಕೋಣೆಗಳು ನಾಲ್ಕು ಥರ. ಬೀದಿಬದಿಯ ಮೇಲ್ಮಹಡಿ ಕೋಣೆಯೇ ಚಿತ್ರಗಳಲ್ಲಿ ಕಾಣುವುದು: ಉದ್ದುದ್ದ ಮರದ ಪಟ್ಟಿಯ ಕಿಟಕಿ, ಒಳ್ಳೆ ಬೆಳಕು. ಆದರೆ ಆ ಪಟ್ಟಿಗಳು ಗಾಳಿಯಾಡಲೆಂದು ಮಾಡಿದವು, ಸದ್ದು ತಡೆಯಲೆಂದಲ್ಲ. ಒಳಗೆ ಗಾಜಿನ ಎರಡನೇ ಪದರ ಹಾಕಿಸಿಲ್ಲದಿದ್ದರೆ ಬೈಕುಗಳ ಸದ್ದೆಲ್ಲ ಒಳಗೆ, ಎ.ಸಿ.ಯ ತಂಪೆಲ್ಲ ಹೊರಗೆ.

ತೊಟ್ಟಿಗೆ ಮುಖ ಮಾಡಿದ ಕೋಣೆ ತಂಪು, ಬೀದಿಯ ಗದ್ದಲವಿಲ್ಲ. ತೊಂದರೆ ಬೇರೆ: ತೊಟ್ಟಿಯೊಳಗಿನ ಮಾತು ಬಾವಿಯೊಳಗಿನ ಮಾತಿನಂತೆ ಮೇಲಕ್ಕೆ ಬಡಿಯುತ್ತದೆ. ತಿಂಡಿಯ ಮೇಜು ಅಲ್ಲೇ ಹಾಕಿದ್ದರೆ ಬೆಳಗ್ಗೆ ಏಳಕ್ಕೇ ತಟ್ಟೆ ಚಮಚಗಳ ಸದ್ದು ಶುರು. ಕಿಟಕಿಯಾಚೆ ಓಡಾಡುವವರಿಗೆ ಒಳಗೆ ಕಾಣುವುದರಿಂದ ಪರದೆ ಎಳೆದೇ ಇರಬೇಕಾಗುತ್ತದೆ.

ಹಿಂಬದಿಯ ಮೇಲ್ಮಹಡಿ ಕೋಣೆ ನಿದ್ದೆಗೆ ಎಲ್ಲಕ್ಕಿಂತ ಮೇಲು. ಹಿಂದೆ ಉಪಾಹಾರ ಗೃಹದ ಅಡುಗೆಮನೆಯೋ ಸಾಲಾಗಿ ಎ.ಸಿ. ಯಂತ್ರಗಳೋ ಇಲ್ಲವೆಂದು ಖಾತ್ರಿಯಾದರೆ ಕಣ್ಣುಮುಚ್ಚಿ ಹಿಡಿಯಬಹುದು.

ನಾಲ್ಕನೆಯದು ಕಿಟಕಿಯೇ ಇಲ್ಲದ್ದು. ಅಗ್ಗದ ಕೋಣೆಗಳಲ್ಲಿ ಬಹಳಷ್ಟು ಇಂಥವೇ. ಹಗಲೆಲ್ಲ ಸುತ್ತಾಡಿ ರಾತ್ರಿ ಮಲಗಲಿಕ್ಕಷ್ಟೇ ಬರುವವರಿಗೆ ಒಂದು ರಾತ್ರಿ ಸಾಗುತ್ತದೆ. ಮೂರು ರಾತ್ರಿಯಾದರೆ ಒದ್ದೆ ಟವೆಲ್ ಒಣಗುವುದಿಲ್ಲ, ಬಟ್ಟೆಗೆ ಮುಗ್ಗಲು ಹತ್ತುತ್ತದೆ. ಜಾಹೀರಾತಿನಲ್ಲಿ ಕಿಟಕಿಯ ಚಿತ್ರವಿಲ್ಲದಿದ್ದರೆ ಕಿಟಕಿಯೇ ಇಲ್ಲವೆಂದು ಲೆಕ್ಕ ಹಾಕಿ.

ನೆಲಮಹಡಿ ಕೋಣೆ ಮಂಡಿನೋವಿನವರಿಗೆ ಅನಿವಾರ್ಯ, ಆದರೆ ಅಲ್ಲಿ ತೇವದ ಕಾಟ ಹೆಚ್ಚು. ಹಳೇ ಇಟ್ಟಿಗೆ ಗೋಡೆ ನೆಲದಿಂದ ನೀರು ಹೀರುತ್ತದೆ. ಸುಣ್ಣದ ಗಾರೆಯಿದ್ದರೆ ಆ ನೀರು ಆವಿಯಾಗಿ ಹೋಗುತ್ತದೆ, ದುರಸ್ತಿಯ ಹೆಸರಲ್ಲಿ ಸಿಮೆಂಟ್ ಮೆತ್ತಿದ್ದರೆ ಒಳಗೇ ಸಿಕ್ಕಿಕೊಂಡು ಬಣ್ಣ ಉಬ್ಬಿ ಉದುರುತ್ತದೆ. ಅತಿಥಿಗಳು ಹಾಕಿದ ಚಿತ್ರಗಳಲ್ಲಿ ಗೋಡೆಯ ಕೆಳಗಿನ ಒಂದು ಮೀಟರ್ ನೋಡಿ. ಅಲ್ಲಿ ಗುಳ್ಳೆ, ಬಿಳಿ ಉಪ್ಪು ಕಂಡರೆ ಕೋಣೆಯ ವಾಸನೆ ಹೇಗಿರುತ್ತದೆಂದು ಯಾರೂ ಹೇಳಬೇಕಾಗಿಲ್ಲ.

ಕುಟುಂಬದ ಕೋಣೆ ಎಂದು ಕೊಡುವುದು ಎಷ್ಟೋ ಕಡೆ ಅಟ್ಟವಿರುವ ಕೋಣೆ. ಎರಡನೇ ಹಾಸಿಗೆಗೆ ಏಣಿಯಂಥ ಮೆಟ್ಟಿಲು, ಬಚ್ಚಲು ಕೆಳಗೆ. ಚಿಕ್ಕ ಮಕ್ಕಳು, ರಾತ್ರಿ ಎರಡು ಸಲ ಏಳುವ ಹಿರಿಯರು ಇದ್ದರೆ ಬೇಡ. ಅಂಥವರು ಹಳೇ ಮನೆಯ ಆಸೆ ಬಿಟ್ಟು ಲಿಫ್ಟ್ ಇರುವ ಹೋಟೆಲ್ ಹಿಡಿಯುವುದೇ ಜಾಣತನ. ಹಳೆಯ ಸೊಗಸೂ ಬೇಕು, ದೊಡ್ಡ ಹೋಟೆಲಿನ ಅನುಕೂಲವೂ ಬೇಕು, ಖರ್ಚಿಗೆ ಯೋಚನೆಯಿಲ್ಲ ಎನ್ನುವವರಿಗೆ ಫರ್ಕುಹಾರ್ ಸ್ಟ್ರೀಟ್‌ನಲ್ಲಿ ಸಮುದ್ರಕ್ಕೆ ಅಂಟಿಕೊಂಡು 1885ರಲ್ಲಿ ಆರಂಭವಾದ ಈಸ್ಟರ್ನ್ ಅಂಡ್ ಓರಿಯೆಂಟಲ್ ಇದೆ.

ಯಾವ ಬೀದಿ?

ಪರಂಪರೆಯ ಒಳವಲಯ ಸುಮಾರು 109 ಹೆಕ್ಟೇರ್ ಅಷ್ಟೇ, ಎಲ್ಲಿ ಉಳಿದರೂ ಉಳಿದೆಲ್ಲ ಕಡೆಗೆ ನಡೆದೇ ಹೋಗಬಹುದು. ಆದ್ದರಿಂದ ‘ಎಲ್ಲಕ್ಕೂ ಹತ್ತಿರ’ ಎಂಬ ಹೊಗಳಿಕೆಗೆ ಇಲ್ಲಿ ಬೆಲೆಯಿಲ್ಲ. ರಾತ್ರಿ ಹತ್ತರ ನಂತರ ಬೀದಿ ಹೇಗಿರುತ್ತದೆ ಎಂಬುದಷ್ಟೇ ಪ್ರಶ್ನೆ.

ಲವ್ ಲೇನ್ ಮತ್ತು ಅದು ಸೇರುವ ಚುಲಿಯಾ ಸ್ಟ್ರೀಟ್ ಅಗ್ಗದ ತಂಗುದಾಣಗಳ ಬೀಡು. ಬಾರುಗಳ ಸಂಗೀತ ನಡುರಾತ್ರಿ ದಾಟುತ್ತದೆ, ಚುಲಿಯಾದಲ್ಲಿ ಸಂಜೆಯ ತಿಂಡಿಗಾಡಿಗಳ ಸಾಲು ಬೇರೆ. ಪಕ್ಕದ ಮುಂತ್ರಿ ಸ್ಟ್ರೀಟ್, ಸ್ಟೀವರ್ಟ್ ಲೇನ್ ಕಡೆ ಅದಕ್ಕಿಂತ ಎಷ್ಟೋ ಶಾಂತ. ಮೊದಲ ಸಲ ಬರುವವರು ಅಲ್ಲಿಂದಲೇ ಹುಡುಕಾಟ ಶುರುಮಾಡಲಿ. ಮುಂತ್ರಿಯಲ್ಲೂ ಲವ್ ಲೇನ್ ಕೂಡುವ ಮೂಲೆ ಬಿಟ್ಟು ನಾಲ್ಕಾರು ಮನೆ ಆಚೆ ಹಿಡಿಯಿರಿ.

ಅರ್ಮೇನಿಯನ್ ಸ್ಟ್ರೀಟ್, ಕ್ಯಾನನ್ ಸ್ಟ್ರೀಟ್ ಸುತ್ತ ಲೆಕ್ಕ ತಿರುವುಮುರುವು. 2012ರಲ್ಲಿ ಬರೆದ ಗೋಡೆಚಿತ್ರಗಳ ಮುಂದೆ ಹಗಲೆಲ್ಲ ಜಾತ್ರೆ, ಬಾಡಿಗೆ ಸೈಕಲ್‌ಗಳ ಗಂಟೆ. ಕತ್ತಲಾದ ಮೇಲೆ ಬೀದಿ ತಣ್ಣಗಾಗುತ್ತದೆ. ಕಪಿತಾನ್ ಕೆಲಿಂಗ್ ಮಸೀದಿ, ಅಚೀನ್ ಸ್ಟ್ರೀಟ್‌ನ ಮಲಯ್ ಮಸೀದಿ ಎರಡೂ ಹತ್ತಿರ, ಬೆಳಗಿನ ಆಜಾನ್ ಸೂರ್ಯೋದಯಕ್ಕೆ ಗಂಟೆಗಿಂತ ಮುಂಚೆ ಕೇಳುತ್ತದೆ. ಬೇಗ ಎಚ್ಚರವಾಗುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಲಿಟಲ್ ಇಂಡಿಯಾದಲ್ಲಿ, ಅಂದರೆ ಕ್ವೀನ್ ಸ್ಟ್ರೀಟ್‌ನ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನದ ಸುತ್ತಮುತ್ತ, ಅಂಗಡಿ ಮುಚ್ಚುವವರೆಗೂ ಧ್ವನಿವರ್ಧಕಗಳು ಪೈಪೋಟಿಗೆ ಬಿದ್ದಿರುತ್ತವೆ. ಸಸ್ಯಾಹಾರಿಗಳಿಗೆ ಮಾತ್ರ ಇಲ್ಲಿಂದ ಐದು ನಿಮಿಷದ ದೂರದಲ್ಲಿರುವುದು ದೊಡ್ಡ ಅನುಕೂಲ. ಉಳಿದ ಕಡೆ ಬರೀ ತರಕಾರಿಯಂತೆ ಕಾಣುವ ಪಲ್ಯದಲ್ಲೂ ಬೆಲಾಚಾನ್, ಅಂದರೆ ಹುಳಿಬಂದ ಸಿಗಡಿಯ ಮುದ್ದೆ, ಇರುವುದುಂಟು.

ಬೀಚ್ ಸ್ಟ್ರೀಟ್ ಬ್ಯಾಂಕುಗಳ ಬೀದಿ. ಸಂಜೆಯಾದರೆ ನಿರ್ಜನ. ನಿದ್ದೆಗೆ ಒಳ್ಳೆಯದು, ರಾತ್ರಿ ಒಂಟಿಯಾಗಿ ನಡೆದು ಬರುವವರಿಗೆ ಅಷ್ಟು ಹಿತವಲ್ಲ. ವೆಲ್ಡ್ ಕೀ ದಂಡೆಯ ಮರದ ಕಂಬಗಳ ಮೇಲಿನ ಚೀನೀ ಕುಲವಸತಿಗಳಲ್ಲೂ (ಒಂದೊಂದು ಕುಲದವರ ಮನೆಸಾಲು) ಕೋಣೆ ಸಿಗುತ್ತದೆ. ನೀರು ಇಳಿದಾಗ ಕೆಳಗಿನ ಕೆಸರಿನ ವಾಸನೆ ಏಳುತ್ತದೆ ಎಂಬುದು ತಿಳಿದಿರಲಿ. ಕೊಮ್ತಾರ್ ಗೋಪುರದ ಸುತ್ತ ಲಿಫ್ಟ್ ಇರುವ ಬಹುಮಹಡಿ ಹೋಟೆಲುಗಳಿವೆ, ಹೆಚ್ಚಿನ ಬಸ್ಸುಗಳು ಅಲ್ಲಿ ಸಿಗುತ್ತವೆ. ಬಾತು ಫೆರಿಂಗಿಯ ಕಡಲತೀರದಲ್ಲಿ ಉಳಿದು ಹಳೇ ಊರನ್ನು ನೋಡುತ್ತೇವೆ ಎನ್ನುವವರ ಅರ್ಧ ದಿನ ಸಂಜೆಯ ವಾಹನ ದಟ್ಟಣೆಯಲ್ಲೇ ಹೋಗುತ್ತದೆ.

ದಿನಾಂಕ

ಸೆಕೆ ವರ್ಷವಿಡೀ ಒಂದೇ. ಹಗಲು 31–32 ಡಿಗ್ರಿ, ರಾತ್ರಿ 24ರ ಆಸುಪಾಸು. ಜನವರಿ, ಫೆಬ್ರುವರಿ ಒಣ ತಿಂಗಳು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಜೋರು. ಆದರೆ ಕೋಣೆಯ ದರವನ್ನು ಕುಣಿಸುವುದು ಮಳೆಯಲ್ಲ, ರಜೆ. ಶುಕ್ರವಾರ, ಶನಿವಾರ ಮತ್ತು ಶಾಲಾ ರಜೆಗಳಲ್ಲಿ ಕೌಲಾಲಂಪುರದ ಕಡೆಯಿಂದ ಕಾರುಗಳು ನುಗ್ಗುತ್ತವೆ. ಭಾನುವಾರ ಬಂದು ಗುರುವಾರ ಹೊರಡುವಂತೆ ಯೋಜಿಸಿದರೆ ಅದೇ ಕೋಣೆ ಕಡಿಮೆಗೆ ಸಿಗುತ್ತದೆ, ಹಿಂಬದಿಯ ಕೋಣೆ ಕೇಳಿದರೆ ಕೊಡುತ್ತಾರೆ ಕೂಡ.

ಚೀನೀ ಹೊಸವರ್ಷದ ಮೊದಲ ಎರಡು ಮೂರು ದಿನ ಹಲವು ತಿಂಡಿ ಅಂಗಡಿಗಳು ಮುಚ್ಚಿರುತ್ತವೆ. ಎಂಟನೇ ದಿನದ ರಾತ್ರಿ ಹೊಕ್ಕಿಯೆನ್ ಚೀನೀಯರು ಆಕಾಶ ದೇವರ ಹುಟ್ಟುಹಬ್ಬಕ್ಕೆ ಪಟಾಕಿ ಹಚ್ಚುತ್ತಾರೆ, ವೆಲ್ಡ್ ಕೀ ದಂಡೆಯ ಕುಲವಸತಿಗಳಲ್ಲೊಂದಾದ ಚ್ಯೂ ಜೆಟ್ಟಿ ಬಳಿ ಉಳಿದವರಿಗೆ ಅಂದು ನಿದ್ದೆಯಿಲ್ಲ. ನೋಡಲೆಂದೇ ಬಂದವರಿಗೆ ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಮುರುಗನ ಹಬ್ಬ ತೈಪೂಸಂಗೆ ರಥ ಹೊರಡುವಾಗ ಲಿಟಲ್ ಇಂಡಿಯಾದ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಆ ದಿನ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ (ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್) ಹಸಿದ ಪ್ರೇತಗಳಿಗೆಂದು ಬೀದಿಯಲ್ಲೇ ರಂಗ ಕಟ್ಟಿ ನಾಟಕ ಆಡುತ್ತಾರೆ.

ದರದ ಲೆಕ್ಕ

ಪರದೆಯ ಮೇಲೆ ಕಂಡ ದರವೇ ಕೊನೆಯದಲ್ಲ. ದರದ ಪಕ್ಕ ಎರಡು ಕೂಡುಚಿಹ್ನೆ ಇದ್ದರೆ ಅದಕ್ಕೆ ಶೇ. 10 ಸರ್ವಿಸ್ ಚಾರ್ಜ್, 2024ರ ಮಾರ್ಚ್‌ನಿಂದ ಶೇ. 8 ಆಗಿರುವ ಸೇವಾ ತೆರಿಗೆ ಸೇರುತ್ತದೆ. ‘ನೆಟ್’ ಎಂದಿದ್ದರೆ ಇವು ಒಳಗೇ ಇವೆ. 300 ರಿಂಗಿಟ್ ಕೋಣೆ ಹೀಗೆ ಸುಮಾರು 355 ಆಗುತ್ತದೆ. ಅದರ ಮೇಲೆ ವಿದೇಶಿಯರಿಗೆ ಪ್ರವಾಸೋದ್ಯಮ ತೆರಿಗೆ: ತಲೆಗಲ್ಲ, ಕೋಣೆಗೆ, ರಾತ್ರಿಯೊಂದಕ್ಕೆ 10 ರಿಂಗಿಟ್. ಇಬ್ಬರು ಎರಡು ಕೋಣೆ ಹಿಡಿದು ಮೂರು ರಾತ್ರಿ ಉಳಿದರೆ 60. ಪೆನಾಂಗ್‌ನಲ್ಲಿ ಸ್ಥಳೀಯ ಆಡಳಿತದ ಒಂದು ಸಣ್ಣ ಶುಲ್ಕವೂ ಇದೆ. ಇವನ್ನು ಸಾಮಾನ್ಯವಾಗಿ ಬಂದಾಗ ಕೌಂಟರಿನಲ್ಲಿ ಕೇಳುತ್ತಾರೆ, ಜೊತೆಗೆ ಮರಳಿ ಕೊಡುವ ಠೇವಣಿಯನ್ನೂ. ಚಿಕ್ಕ ತಂಗುದಾಣಗಳು ಠೇವಣಿಯನ್ನು ನಗದಾಗಿ ಕೇಳುವುದುಂಟು, ರಸೀದಿ ಇಲ್ಲದೆ ಕೊಡಬೇಡಿ.

ಮುಂಗಡ ಕಟ್ಟುವ ಮೊದಲು ಹೋಟೆಲಿಗೇ ಒಂದು ಸಂದೇಶ ಕಳಿಸಿ. ‘ಶಾಂತ ಕೋಣೆ ಕೊಡಿ’ ಎಂದು ಬರೆದರೆ ‘ಪ್ರಯತ್ನಿಸುತ್ತೇವೆ’ ಎಂಬ ಉತ್ತರವಷ್ಟೇ ಬರುತ್ತದೆ. ನೇರ ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ. ಕೋಣೆ ಯಾವ ಮಹಡಿಯಲ್ಲಿದೆ, ಎಷ್ಟು ಮೆಟ್ಟಿಲು? ತೆರೆಯುವ ಕಿಟಕಿ ಇದೆಯೇ, ಅದು ಬೀದಿಗೋ ತೊಟ್ಟಿಗೋ ಹಿಂಬದಿಗೋ? ಬಚ್ಚಲು ಕೋಣೆಯೊಳಗಿದೆಯೇ? ಹಾಸಿಗೆ ಒಂದು ದೊಡ್ಡದೋ ಎರಡು ಬೇರೆಬೇರೆಯೋ? ಪಕ್ಕದಲ್ಲಿ ದುರಸ್ತಿ ಕೆಲಸ ನಡೆಯುತ್ತಿದೆಯೇ? ಈ ಕೊನೆಯದನ್ನು ಮರೆಯಬೇಡಿ. ಒಂದೇ ಗೋಡೆಯ ಆಚೆ ಸುತ್ತಿಗೆ ಬಿದ್ದರೆ ಯಾವ ಕೋಣೆಯೂ ಪ್ರಯೋಜನವಿಲ್ಲ. ಬಂದ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಕೌಂಟರಿನಲ್ಲಿ ಬೇರೆ ಕೋಣೆ ತೋರಿಸಿದರೆ ಕೆಲಸಕ್ಕೆ ಬರುತ್ತದೆ.

ಬಂದಿಳಿದ ಮೇಲೆ

ಮಲೇಷ್ಯಾ ಪ್ರವೇಶಕ್ಕೆ ಡಿಜಿಟಲ್ ಆಗಮನ ಪತ್ರವನ್ನು ಬರುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು, ಅದರಲ್ಲಿ ಹೋಟೆಲಿನ ವಿಳಾಸ ಕೇಳುತ್ತಾರೆ. ಸರ್ಕಾರದ ತಾಣದಲ್ಲಿ ಇದು ಉಚಿತ, ದುಡ್ಡು ಕೇಳಿದರೆ ಅದು ಬೇರೆಯವರ ತಾಣ. ವಿಮಾನ ನಿಲ್ದಾಣ ಬಾಯನ್ ಲೆಪಾಸ್‌ನಲ್ಲಿ, ಹಳೇ ಊರಿಗೆ 16–18 ಕಿ.ಮೀ. ಕಾರು ಕರೆಸುವ ಆ್ಯಪ್ ಗ್ರ್ಯಾಬ್ ಸುಲಭ. 401ಇ ಬಸ್ ಅಗ್ಗ, ಚಿಲ್ಲರೆ ಮಾತ್ರ ಸರಿಯಾಗಿ ಇರಲಿ. ಕೌಲಾಲಂಪುರದಿಂದ ರೈಲಿನಲ್ಲಿ ಬರುವವರು ಬಟರ್‌ವರ್ತ್‌ನಲ್ಲಿ ಇಳಿದು ದೋಣಿ ಹತ್ತಿದರೆ ವೆಲ್ಡ್ ಕೀಗೇ ಬಂದಿಳಿಯುತ್ತಾರೆ. ಊರೊಳಗೆ ಸುತ್ತುವ ‘ಕ್ಯಾಟ್’ ಬಸ್ ಉಚಿತ.

ಚಕ್ರದ ದೊಡ್ಡ ಸೂಟ್‌ಕೇಸ್ ಇಲ್ಲಿ ಶತ್ರು. ಅಂಗಡಿಗಳ ಮುಂದಿನ ಮುಚ್ಚಿದ ಜಗಲಿಗೆ ಕಾಕಿ ಲಿಮಾ, ಅಂದರೆ ಐದಡಿ, ಎಂದು ಹೆಸರು. ಬಿಸಿಲು ಮಳೆಗೆ ಆಸರೆಯಾಗಲೆಂದು ಕಟ್ಟಿದ್ದು. ಆದರೆ ಪ್ರತಿ ಮನೆಯ ಜಗಲಿಯ ಎತ್ತರ ಬೇರೆ, ನಡುವೆ ಬೈಕುಗಳು, ಅಡುಗೆ ಒಲೆಗಳು. ಕಾರನ್ನು ಬಾಗಿಲಿಗೇ ತರಿಸಿ.

ಕೌಂಟರಿನಲ್ಲಿ ದುಡ್ಡು ಕೊಡುವ ಮೊದಲು ಕೋಣೆ ನೋಡುತ್ತೇವೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಾಗಿಲು ತೆರೆದ ಕೂಡಲೇ ಮೂಗಿಗೆ ಕೆಲಸ ಕೊಡಿ. ಎ.ಸಿ. ಹಾಕಿ ಹತ್ತು ನಿಮಿಷ ಬಿಟ್ಟು ತಂಪಾಯಿತೇ ನೋಡಿ. ಬಿಸಿನೀರಿನ ನಲ್ಲಿ ತಿರುಗಿಸಿ. ಸ್ನಾನದ ಗೋಡೆಗೆ ಹಾಕಿದ ಪುಟ್ಟ ಹೀಟರುಗಳಲ್ಲಿ ನೀರಿನ ರಭಸ ಕಡಿಮೆಯಾದರೆ ಅವು ಹೊತ್ತಿಕೊಳ್ಳುವುದೇ ಇಲ್ಲ. ತೊಟ್ಟಿಯಲ್ಲಿ ತಾವರೆ ಕೊಳವಿದ್ದರೆ ಚೆಂದವೇ, ಸೊಳ್ಳೆ ಮುಲಾಮು ಮಾತ್ರ ಹಗಲಲ್ಲೂ ಹಚ್ಚಿ: ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಲ್ಲಿ. ಪ್ಲಗ್ ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ತನ್ನಿ. ಛಾವಣಿಯ ಮೂಲೆಯಲ್ಲಿ ಬಾಣದ ಗುರುತು ಕಂಡರೆ ಅದು ಮೆಕ್ಕಾದ ದಿಕ್ಕು, ಬೆಂಕಿ ಬಿದ್ದಾಗ ಓಡುವ ದಾರಿಯಲ್ಲ.

ಎ.ಸಿ.ಯನ್ನು 24–25ಕ್ಕೆ ಇಡಿ. 18ಕ್ಕೆ ಇಳಿಸಿ ಕಿಟಕಿ ತೆರೆದರೆ ಹೊರಗಿನ ಆರ್ದ್ರ ಗಾಳಿ ತಣ್ಣನೆ ಗೋಡೆಗೆ ತಗುಲಿ ನೀರು ಬಸಿಯುತ್ತದೆ. ಡೂರಿಯನ್ ಹಣ್ಣನ್ನು ಕೋಣೆಗೆ ತಂದರೆ ದಂಡ, ಏಕೆಂದರೆ ಆ ವಾಸನೆ ಹಾಸಿಗೆಯಿಂದ ದಿನಗಟ್ಟಲೆ ಹೋಗುವುದಿಲ್ಲ. ಕೆಲವು ಕಡೆ ಮ್ಯಾಂಗೊಸ್ಟೀನ್‌ಗೂ ತಡೆ, ಸಿಪ್ಪೆಯ ಕೆಂಪು ಕಲೆ ಬಿಳಿ ಹಾಸಿನಿಂದ ಬಿಡುವುದಿಲ್ಲ. ಎರಡನ್ನೂ ಗಾಡಿಯ ಹತ್ತಿರವೇ ತಿಂದು ಕೈತೊಳೆದು ಬನ್ನಿ.

ದಿನಚರಿಯನ್ನು ಕೋಣೆಯ ಸುತ್ತ ಹೆಣೆಯಿರಿ. ಏಳರಿಂದ ಹನ್ನೊಂದರವರೆಗೆ ಸುತ್ತಾಟ, ಹನ್ನೆರಡರಿಂದ ನಾಲ್ಕರವರೆಗೆ ಕೋಣೆಯಲ್ಲಿ, ಮತ್ತೆ ಸಂಜೆ. ಮಧ್ಯಾಹ್ನದ ಆ ನಾಲ್ಕು ಗಂಟೆ ಕಳೆಯಬೇಕೆಂದೇ ಕಿಟಕಿಯಿರುವ ಕೋಣೆಗೆ ಹೆಚ್ಚು ಕೊಡುವುದು.

ಹೊರಡುವ ವಿಮಾನ ನಸುಕಿನದಾದರೆ ಹಿಂದಿನ ಸಂಜೆಯೇ ಎರಡು ಕೆಲಸ ಮುಗಿಸಿ. ಚಿಕ್ಕ ಹೋಟೆಲುಗಳಲ್ಲಿ ರಾತ್ರಿ ಕೌಂಟರಿನಲ್ಲಿ ಯಾರೂ ಇರುವುದಿಲ್ಲ, ಮುಂಬಾಗಿಲಿಗೆ ಬೀಗ. ಯಾರು ತೆರೆಯುತ್ತಾರೆ, ಠೇವಣಿ ಯಾರು ಕೊಡುತ್ತಾರೆ ಎಂದು ಕೇಳಿ ಗಟ್ಟಿಮಾಡಿಕೊಳ್ಳಿ. ಓಣಿಯೊಳಗೆ ಕಾರು ಬರುವುದಿಲ್ಲವಾದರೆ ಯಾವ ಮೂಲೆಗೆ ಕರೆಸಬೇಕೆಂದು ಬೆಳಕಿರುವಾಗಲೇ ಹೋಗಿ ನೋಡಿಟ್ಟುಕೊಳ್ಳಿ.