ಇಗ್ವಾಸೂ ದಾರಿಯಲ್ಲಿ ಒಂದು ರಾತ್ರಿ ಇಳಿದ ಊರು

ಅರ್ಜೆಂಟೀನಾದ ಮಿಸಿಯೋನೆಸ್ ಪ್ರಾಂತ್ಯಕ್ಕೆ ಬರುವ ಬಹಳಷ್ಟು ಜನ ವಿಮಾನದಲ್ಲಿ ನೇರ ಪುಯೆರ್ತೊ ಇಗ್ವಾಸೂಗೆ ಬಂದಿಳಿದು, ಜಲಪಾತ ನೋಡಿ, ಹಾಗೇ ಹೊರಟುಬಿಡುತ್ತಾರೆ. ನಾನು ದಕ್ಷಿಣದ ಪೊಸಾದಾಸ್‌ನಿಂದ ಶುರು ಮಾಡಿ, 12ನೇ ಹೆದ್ದಾರಿಯಲ್ಲಿ ಬಸ್ ಹಿಡಿದು ಮೇಲಕ್ಕೆ ಹೋದೆ. 60 ಕಿ.ಮೀ. ಆದಮೇಲೆ ಸಾನ್ ಇಗ್ನಾಸಿಯೊ ಅಂತ ಸಣ್ಣ ಊರು. ಅಲ್ಲಿ ಇಳಿದು ಒಂದು ರಾತ್ರಿ ಉಳಿದೆ.

ದಾರಿಯುದ್ದಕ್ಕೂ ಮಣ್ಣು ನಮ್ಮ ಸಾಗರ, ತೀರ್ಥಹಳ್ಳಿ ಕಡೆಯ ಹಾಗೆ ಕೆಂಪು. ಬಿಳಿ ಶೂ ಹಾಕಿಕೊಂಡು ಹೋಗಿದ್ದೆ. ದಡ್ಡತನ. ಆ ಬಣ್ಣ ಇವತ್ತಿಗೂ ಹೋಗಿಲ್ಲ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸಾನ್ ಇಗ್ನಾಸಿಯೊ ಮಿನಿ ಅನ್ನುವ ಹಾಳೂರಿನ ಅವಶೇಷ ನೋಡಲು ಹೋದೆ. ಹತ್ತು ಗಂಟೆ ದಾಟಿದರೆ ಸೆಕೆ ತಡೆಯೋಕಾಗಲ್ಲ. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಪಾದ್ರಿಗಳು ಇಲ್ಲಿನ ಮೂಲನಿವಾಸಿ ಗ್ವಾರಾನಿ ಜನರ ಜೊತೆ ಕಟ್ಟಿದ ಊರು ಇದು. 1610ರಲ್ಲಿ ಶುರುವಾಗಿದ್ದು ಇಲ್ಲಲ್ಲ, ಈಗ ಬ್ರೆಜಿಲ್‌ನಲ್ಲಿರುವ ಜಾಗದಲ್ಲಿ. ಗುಲಾಮರನ್ನು ಹಿಡಿಯಲು ಬರುತ್ತಿದ್ದವರ ಕಾಟ ತಾಳಲಾರದೆ ಗಂಟುಮೂಟೆ ಕಟ್ಟಿ ಹೊರಟವರು, 1696ರಲ್ಲಿ ಇಲ್ಲಿ ನೆಲೆ ನಿಂತರು. 1767ರಲ್ಲಿ ಸ್ಪೇನಿನ ದೊರೆ ಪಾದ್ರಿಗಳನ್ನೇ ಹೊರಹಾಕಿದ. ಆಮೇಲೆ ಊರು ಹಾಳುಬಿತ್ತು, ಕಾಡು ಮುಚ್ಚಿಕೊಂಡಿತು.

ಒಳಗೆ ಮೊದಲು ಸಾಲುಮನೆಗಳ ಗೋಡೆಗಳು, ಆಮೇಲೆ ದೊಡ್ಡ ಬಯಲು, ಅದರಾಚೆ ಚರ್ಚಿನ ಮುಂಭಾಗ. ಎಲ್ಲಾ ಕೆಂಪು ಮರಳುಗಲ್ಲು. ಬಾಗಿಲಿನ ಪಕ್ಕ ನಿಂತು ಕೆತ್ತನೆ ನೋಡಿ. ದೇವದೂತರು ಯೂರೋಪಿನವರೇ, ಆದರೆ ಸುತ್ತಲಿನ ಬಳ್ಳಿ, ಎಲೆಗಳಲ್ಲಿ ಬೇರೆ ಕೈ ಕಾಣುತ್ತದೆ. ಕೆತ್ತಿದವರು ಗ್ವಾರಾನಿಗಳು ತಾನೇ!

ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದು ಮರದ ಮುಂದೆ. ಅತ್ತಿಯ ಜಾತಿ. ಒಂದು ಕಲ್ಲುಕಂಬವನ್ನು ಸುತ್ತಿ ಸುತ್ತಿ ನುಂಗಿಬಿಟ್ಟಿದೆ. ಬೇರಿನ ಸಂದಿಯಲ್ಲಿ ಇಣುಕಿದರೆ ಒಳಗೆ ಕಲ್ಲು ಕಾಣುತ್ತದೆ. ಕಲ್ಲಿನ ಎದೆಯ ಮರ ಅಂತಲೇ ಅದನ್ನು ಕರೆಯುತ್ತಾರೆ. ಇದನ್ನು ನೋಡಿದ ಮೇಲೆ ಕಾಡು ಹೇಗೆ ಮುಚ್ಚಿಕೊಂಡಿತು ಅಂತ ಯಾರೂ ವಿವರಿಸಬೇಕಿಲ್ಲ.

ಟಿಕೆಟ್ ಎಸೆಯಬೇಡಿ. ನಾನು ಹೋದಾಗ ಅದೇ ಟಿಕೆಟ್ಟಿನಲ್ಲಿ ಹತ್ತಿರದ ಲೊರೆತೊ, ಸಾಂತಾ ಆನಾ ಅವಶೇಷಗಳನ್ನೂ ನೋಡಬಹುದಿತ್ತು. ಅಲ್ಲಿ ದುರಸ್ತಿ ಕಡಿಮೆ, ಜನ ಇನ್ನೂ ಕಡಿಮೆ. ನನಗೆ ಸಾಂತಾ ಆನಾ ಒಂದಕ್ಕೇ ಸಮಯ ಸಿಕ್ಕಿತು. ಬಸ್ಸಿಗೆ ಕಾಯುವಾಗ ತಿಂದ ಚೀಪಾ (ಮರಗೆಣಸಿನ ಹಿಟ್ಟು, ಚೀಸ್ ಸೇರಿಸಿ ಸುಟ್ಟ ಉಂಡೆ) ಬಿಸಿ ಇದ್ದಾಗಲೇ ಚೆನ್ನ. ಆರಿದರೆ ರಬ್ಬರ್.

ಇನ್ನು ಇಗ್ವಾಸೂ. ಗ್ವಾರಾನಿಯಲ್ಲಿ ಹಾಗೆಂದರೆ ದೊಡ್ಡ ನೀರು, ಅಷ್ಟೇ. ಸುಮಾರು 275 ಧಾರೆಗಳು. ಎತ್ತರ ಹೆಚ್ಚೆಂದರೆ 80 ಮೀಟರ್, ನಮ್ಮ ಜೋಗದ ಮೂರನೇ ಒಂದು ಭಾಗವೂ ಇಲ್ಲ. ಆದರೆ ಅಗಲ 2.7 ಕಿ.ಮೀ.! ಪುಟ್ಟ ರೈಲಿನಲ್ಲಿ ಹೋಗಿ, ನದಿಯ ಮೇಲಿನ ಕಬ್ಬಿಣದ ಹಾದಿಯಲ್ಲಿ ಒಂದು ಕಿ.ಮೀ. ನಡೆದರೆ ‘ದೆವ್ವದ ಗಂಟಲು’ ಅನ್ನುವ ದೊಡ್ಡ ಧಾರೆ. ಮೊದಲ ರೈಲಿಗೇ ಹೋಗಿ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ, ಛತ್ರಿ ಸುಮ್ನೆ ಭಾರ. ಧಾರೆಯ ಹಿಂದಿನ ಬಂಡೆಗೆ ಗೂಡು ಕಟ್ಟಿದ ಹಕ್ಕಿಗಳು ನೀರನ್ನು ಸೀಳಿಕೊಂಡೇ ಒಳಗೆ ನುಗ್ಗುತ್ತವೆ. ಅವನ್ನೇ ನೋಡುತ್ತಾ ಅರ್ಧ ಗಂಟೆ ನೆನೆದೆ.

ಊಟದ ಜಾಗದಲ್ಲಿ ಕೊಆತಿ ಅನ್ನುವ ಪ್ರಾಣಿ, ಉದ್ದ ಮೂತಿ, ಪಟ್ಟೆ ಬಾಲ, ನನ್ನ ಸ್ಯಾಂಡ್‌ವಿಚ್ ಕಿತ್ತುಕೊಂಡು ಓಡಿತು. ಮುದ್ದಾಗಿದೆ ಅಂತ ಕೈ ಚಾಚಬೇಡಿ, ಕಚ್ಚುತ್ತದೆ.

ಜಲಪಾತದ ಪೂರ್ತಿ ನೋಟ ಸಿಗುವುದು ಬ್ರೆಜಿಲ್ ಕಡೆಯಿಂದ. ಅದಕ್ಕೆ ಬೇರೆ ವೀಸಾ ಬೇಕು, ನಾನು ಮಾಡಿಸಿರಲಿಲ್ಲ. ಸಂಜೆ ಇಗ್ವಾಸೂ ಮತ್ತು ಪರಾನಾ ನದಿ ಸೇರುವ ಮೂರು ಗಡಿಯ ಕಟ್ಟೆಯಲ್ಲಿ ಕೂತು, ಆಚೆ ಬ್ರೆಜಿಲ್, ಪರಾಗ್ವೇ ಎರಡನ್ನೂ ಈಚೆಯಿಂದಲೇ ನೋಡಿ ಹೊಟ್ಟೆ ಉರಿದುಕೊಂಡೆ.

ಹಾಂ, ಹೊರಡುವ ಹತ್ತು ದಿನ ಮೊದಲಾದರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ವಾಪಸ್ ಬಂದಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್‌ಗಿಂತ ಮೊದಲು ಕೇಳಿದ್ದು ಆ ಹಳದಿ ಕಾರ್ಡನ್ನೇ.